ಕೈಗೆ ಬರುವ ಮುಂಚೆ

ಎಜ್‌ವೇರ್
ಲಂಡನ್, ೧೩ ಫೆಬ್ರವರಿ ೨೦೨೫

ಮಾಳು,

ವಿಭಾಗದ ಅಂಚೆಗೂಡಿನಲ್ಲಿ, ನಿನ್ನ ಪಿಜನ್‌ಹೋಲಿನಲ್ಲಿ, ಕೈಬರಹದ ಲಕೋಟೆ ಕಂಡು ಯಾರೋ ವಿದ್ಯಾರ್ಥಿ ತಡವಾಗಿ ಪ್ರಬಂಧ ತಂದಿಟ್ಟಿದ್ದಾನೆ ಅಂದುಕೊಳ್ಳಬೇಡ. ನಾನೇ. ಪಿಎಚ್‌ಡಿ ಮಾಡುವಾಗ ಸೆಮಿನಾರಿನಲ್ಲಿ ನಿದ್ದೆ ಬಂದರೆ ಒಬ್ಬರಿಗೊಬ್ಬರು ಕನ್ನಡದಲ್ಲಿ ಚೀಟಿ ಬರೆದು ದಾಟಿಸುತ್ತಿದ್ದೆವಲ್ಲ, ಹಾಗೆ. ಈ ವಿಷಯವನ್ನು ಆಫೀಸಿನ ಇ-ಮೇಲಿನಲ್ಲಿ ಬರೆಯಬೇಡಿ ಎಂದು ಯೂನಿಯನ್ನಿನವರು ಹೇಳಿದ್ದಾರೆ. ಫೋನಿನಲ್ಲಿ ಹೇಳಲು ನನಗೆ ಬರುವುದಿಲ್ಲ. ಎದುರಿಗೆ ನಿಂತು ಹೇಳಲೂ ಬರುವುದಿಲ್ಲ ಎನ್ನುವುದು ಇವತ್ತು ಗೊತ್ತಾಯಿತು.

ವಿಭಾಗದ ಮುಖ್ಯಸ್ಥೆ ಇವತ್ತು ಹೇಳಿದ್ದನ್ನು ನನಗೆ ನಾನೇ ಇನ್ನೊಂದು ಸಲ ಬರೆದುಕೊಳ್ಳುತ್ತೇನೆ. ಅಂತರರಾಷ್ಟ್ರೀಯ ರಾಜಕೀಯ ಅರ್ಥಶಾಸ್ತ್ರ ಕಲಿಸಲು ವಿಭಾಗದಲ್ಲಿ ಈಗ ಇಬ್ಬರಿದ್ದೇವೆ. ಆಗಸ್ಟಿನಿಂದ ಒಬ್ಬರೇ ಸಾಕು. ನಮ್ಮ ಕೆಲಸಕ್ಕೆ ನಾವೇ ಮತ್ತೆ ಅರ್ಜಿ ಹಾಕಬೇಕು. ಇಷ್ಟು ವರ್ಷ ಏನು ಮಾಡಿದೆವು ಎಂದು ಎರಡು ಪುಟ ಬರೆದುಕೊಡಬೇಕು, ಅವರು ಅಂಕ ಹಾಕುತ್ತಾರೆ, ಜೂನ್‌ನಲ್ಲಿ ಹೇಳುತ್ತಾರೆ. ಇದೆಲ್ಲ ಬೇಡ ಅನ್ನುವವರು ಮೇ ಒಂಬತ್ತರೊಳಗೆ ಸ್ವಯಂ ನಿವೃತ್ತಿಗೆ ಸಹಿ ಹಾಕಬಹುದು. ಒಬ್ಬರು ಸಹಿ ಹಾಕಿದರೆ ಇನ್ನೊಬ್ಬರಿಗೆ ಕೆಲಸ ಉಳಿಯುತ್ತದೆ.

ಅವರು ಮಾತಾಡುವಾಗ ನಾನು ಮೇಜಿನ ಮೇಲಿದ್ದ ಬಿಸ್ಕತ್ತಿನ ತಟ್ಟೆ ನೋಡುತ್ತಿದ್ದೆ. ಇಂಥ ಸುದ್ದಿ ಹೇಳಲು ಒಳ್ಳೆಯ ಬಿಸ್ಕತ್ತು ತರಿಸಿದ್ದರು. ನೀನು ಒಂದನ್ನು ಮುರಿದು ಅರ್ಧ ನನ್ನ ಕಡೆ ಸರಿಸಿದೆ. ಇಬ್ಬರೂ ತಿನ್ನಲಿಲ್ಲ.

ಸಂಜೆ ವಾಟರ್ಲೂ ಸ್ಟೇಷನ್ನಿನವರೆಗೆ ಒಟ್ಟಿಗೆ ನಡೆದೆವು. ನೀನು ಚಳಿಯ ಬಗ್ಗೆ ಮಾತಾಡಿದೆ. ನಾನು ಹೌದು ಅಂದೆ. ದಿನಾ ಆಗುವ ಹಾಗೆ ನೀನು ಸ್ಟ್ಯಾನ್ಮೋರ್ ಕಡೆಯ ಜ್ಯೂಬಿಲಿ ಲೈನಿನ ಸುರಂಗ ರೈಲಿಗೆ ಇಳಿದೆ, ನಾನು ನಾರ್ದರ್ನ್ ಲೈನಿಗೆ. ರೈಲಿನಲ್ಲಿ ಕೂತ ಮೇಲೆ ಏನಾದರೂ ಅನ್ನಿಸಬಹುದು ಎಂದು ಕಾದೆ. ಗೋಲ್ಡರ್ಸ್ ಗ್ರೀನ್ ಬಂತು, ಹೆಂಡನ್ ಬಂತು, ಏನೂ ಅನ್ನಿಸಲಿಲ್ಲ. ಮನೆಗೆ ಬಂದು ಅನ್ನಕ್ಕಿಟ್ಟೆ.

ನಿನಗೆ ಹೇಗಿದೆ, ಬರೆ.

ನಿನ್ನ
ಗಾರ್ಗಿ


ಸ್ಟ್ಯಾನ್ಮೋರ್
೧೭ ಫೆಬ್ರವರಿ

ಗಾರ್ಗಿ,

ನಿನ್ನ ಅಕ್ಷರ ಇನ್ನೂ ಹಾಗೇ ಇದೆ, ಇರುವೆ ಸಾಲು. ಓದಲು ಅತ್ತೆಯ ಕನ್ನಡಕ ತೆಗೆದುಕೊಳ್ಳಬೇಕಾಯಿತು.

ಮನೆಯಲ್ಲಿ ಹೇಳಿಬಿಟ್ಟೆ. ಜನವರಿಯಲ್ಲಿ ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡ ಮೇಲೆ ಋಷಿಕೇಶ ಆಸ್ಪತ್ರೆಗೆ ಡ್ಯೂಟಿಗೆ ಹೋಗುವುದು ವಾರಕ್ಕೆ ಎರಡೇ ದಿನ, ಗೊತ್ತಲ್ಲ. ಗಂಡ ಅನ್ನಿಸಿಕೊಂಡವನು ಎಲ್ಲ ಕೇಳಿಸಿಕೊಂಡು "ನೋಡೋಣ" ಅಂದ. ರೋಗಿಗಳಿಗೂ ಹಾಗೇ ಹೇಳುತ್ತಾನೆ. ಜಾಹ್ನವಿ ಮೊಬೈಲಿನಿಂದ ತಲೆ ಎತ್ತದೆ "ದಟ್ಸ್ ಸೋ ಅನ್‌ಫೇರ್, ಅಮ್ಮಾ" ಅಂದಳು. ಸರಿಯಾಗಿ ವಿಚಾರಣೆ ಮಾಡಿದ್ದು ಅತ್ತೆ ಒಬ್ಬರೇ.

"ಅಲ್ಲ ಕಣೇ, ನಿಮ್ದು ರಾಜಕೀಯನೋ ಅರ್ಥಶಾಸ್ತ್ರನೋ? ಯಾವ್ದಾದ್ರೂ ಒಂದನ್ನ ಓದಿದ್ರೆ ಇಷ್ಟು ಕಷ್ಟ ಬರ್ತಿತ್ತಾ?"

ಮದುವೆಯಾದ ದಿನದಿಂದ ಇದೇ ಪ್ರಶ್ನೆ. "ಎರಡೂ ಅಮ್ಮ. ದೇಶ ದೇಶ ವ್ಯಾಪಾರ ಮಾಡುವಾಗ ಹೆಂಗೆ ಜಗಳ ಆಡ್ತವೆ, ಹೆಂಗೆ ರಾಜಿ ಆಗ್ತವೆ ಅನ್ನೋದು" ಅಂದೆ.

"ಅದನ್ನ ಕಲಿಯೋಕೆ ಲಂಡನ್ನಿಗೆ ಬರ್ಬೇಕಿತ್ತಾ? ಗಾಂಧಿ ಬಜಾರಲ್ಲಿ ಅರ್ಧ ಗಂಟೆ ನಿಂತಿದ್ರೆ ಸಾಕಿತ್ತು."

ಆಮೇಲೆ ಎಂದಿನ ಅಪ್ಪಣೆ ಆಯಿತು. ಯಾರಿಗೂ ಹೇಳಬಾರದು. ಕೆಟ್ಟದ್ದನ್ನು ಹೇಳಿದರೆ ಹರಡುತ್ತದೆ, ಒಳ್ಳೆಯದನ್ನು ಹೇಳಿದರೆ ದೃಷ್ಟಿಯಾಗುತ್ತದೆ. ಜಾಹ್ನವಿಗೆ ಪರೀಕ್ಷೆ ಬರೆದು ಗ್ರಾಮರ್ ಸ್ಕೂಲಿನಲ್ಲಿ ಸೀಟು ಸಿಕ್ಕಿದ್ದು ನೆನಪಿದೆಯಾ? ಅವಳು ಯೂನಿಫಾರ್ಮ್ ಹಾಕಿಕೊಂಡು ಹೊರಟ ಬೆಳಿಗ್ಗೆಯವರೆಗೆ ನಿನಗೂ ಹೇಳಲು ಬಿಟ್ಟಿರಲಿಲ್ಲ. "ಕೈಗೆ ಬರೋ ಮುಂಚೆ ಬಾಯಿಗೆ ಬಂದ್ರೆ, ಕೈಗೆ ಬರಲ್ಲ." ಇದು ಈ ಮನೆಯ ಸಂವಿಧಾನ. ನಾನು ನಗುತ್ತೇನೆ. ಆದರೆ ಒಂದು ಸಲವೂ ಮೀರಿಲ್ಲ.

ನನ್ನ ಮಾತು ಇಷ್ಟೇ. ಇಬ್ಬರೂ ಅರ್ಜಿ ಹಾಕೋಣ. ಯಾರಿಗೆ ಸಿಕ್ಕರೂ ಸರಿ. ಒಬ್ಬರಿಗಾಗಿ ಇನ್ನೊಬ್ಬರು ತ್ಯಾಗ ಗೀಗ ಮಾಡುವುದು ಬೇಡ. ನೀನು ಅಂಥವಳು, ಅದಕ್ಕೇ ಮೊದಲೇ ಹೇಳುತ್ತಿದ್ದೇನೆ.

ನಿನ್ನ
ಮಾಳು


ಎಜ್‌ವೇರ್
೬ ಮಾರ್ಚ್

ಮಾಳು,

ನನ್ನ ಎರಡು ಪುಟ ಇದೇ ಲಕೋಟೆಯಲ್ಲಿದೆ. ಯಾವಾಗಲೂ ಮಾಡುವ ಹಾಗೆ ತಿದ್ದಿಕೊಡು. ಇದೇ ಕೆಲಸಕ್ಕೆ ನನ್ನ ಎದುರು ನಿಂತಿರುವವಳ ಕೈಗೇ ಕೊಡುತ್ತಿದ್ದೇನೆ, ಸರಿಯೋ ತಪ್ಪೋ ಗೊತ್ತಿಲ್ಲ. ಆದರೆ ಇಷ್ಟು ವರ್ಷ ನಾನು ಬರೆದ ಒಂದು ಸಾಲೂ ನೀನು ನೋಡದೆ ಅಚ್ಚಾಗಿಲ್ಲ.

ಇಪ್ಪತ್ಮೂರನೇ ವಯಸ್ಸಿಗೆ ಮೈಸೂರಿನಿಂದ ಬಂದದ್ದು. ಕಾಫಿ ಬೆಳೆಯುವ ದೇಶಗಳೂ ಕೊಳ್ಳುವ ದೇಶಗಳೂ ಸೇರಿ ಮಾಡಿಕೊಂಡಿದ್ದ ಒಪ್ಪಂದ ೧೯೮೯ರಲ್ಲಿ ಏಕೆ ಕುಸಿಯಿತು ಎಂದು ಪಿಎಚ್‌ಡಿ ಮಾಡಿದ್ದು. ಆಮೇಲೆ ಊರಿಂದೂರಿಗೆ ಒಂಬತ್ತೊಂಬತ್ತು ತಿಂಗಳ ಕೆಲಸ, ಪ್ರತಿ ಬೇಸಿಗೆ ಪೆಟ್ಟಿಗೆ ಕಟ್ಟಿದ್ದು. ಕೊನೆಗೆ ಇಲ್ಲಿ ಖಾಯಂ ಆದದ್ದು. ಒಂದು ಪುಸ್ತಕ, ಒಂದಷ್ಟು ಲೇಖನ, ನಿನ್ನ ಜೊತೆ ಸೇರಿ ಕಲಿಸುವ ಕೋರ್ಸು. ಎಲ್ಲ ಬರೆದ ಮೇಲೂ ಎರಡನೇ ಪುಟದಲ್ಲಿ ಜಾಗ ಉಳಿಯಿತು. ಅಕ್ಷರ ದೊಡ್ಡದು ಮಾಡಿದೆ.

ಒಂದನ್ನು ಬರೆಯಲಿಲ್ಲ. ಮೈಸೂರಿನಲ್ಲಿ ನಮ್ಮ ಮನೆಯ ಕೆಳಗೆ ಕಾಫಿಪುಡಿ ಅಂಗಡಿ ಇತ್ತು. ಒಂದು ವರ್ಷ ಪುಡಿಯ ಬೆಲೆ ಏರಿದಾಗ ಅಪ್ಪ ಜಗಳ ಮಾಡಿದರು. ಅಂಗಡಿಯವರು "ಬ್ರೆಜಿಲ್‌ನಲ್ಲಿ ಮಂಜು ಬಿದ್ದಿದೆ ಸ್ವಾಮಿ, ನಾನೇನು ಮಾಡ್ಲಿ?" ಅಂದರು. ನಾನು ಮೆಟ್ಟಿಲ ಮೇಲೆ ಕೂತು ಕೇಳಿಸಿಕೊಂಡೆ. ಅಷ್ಟರಿಂದ ಶುರುವಾಗಿದ್ದು. ಇದನ್ನು ಅರ್ಜಿಯಲ್ಲಿ ಬರೆಯಲಾಗುತ್ತದೆಯೇ?

ನಿನ್ನೆ ಕ್ಲಾಸಿನಲ್ಲಿ ಕಾಫಿ ಬೀಜದ ಆಟ ಆಡಿಸಿದೆ. ಮಕ್ಕಳು ಒಬ್ಬೊಬ್ಬರು ಒಂದೊಂದು ದೇಶ, ಮುಂದೆ ಒಂದೊಂದು ಬಟ್ಟಲು ಬೀಜ. ಎಲ್ಲರೂ ಸ್ವಲ್ಪ ಸ್ವಲ್ಪವೇ ಮಾರಿದರೆ ಎಲ್ಲರಿಗೂ ಒಳ್ಳೆಯ ಬೆಲೆ. ಆದರೆ ಒಬ್ಬರ ಜೊತೆ ಒಬ್ಬರು ಮಾತಾಡುವ ಹಾಗಿಲ್ಲ. ಪ್ರತಿ ವರ್ಷದಂತೆ, ಪಕ್ಕದವರು ಮೊದಲು ಮಾರಿಬಿಟ್ಟಾರು ಎಂದು ಎಲ್ಲರೂ ಒಂದೇ ಸಲ ಬಟ್ಟಲು ಬರಿದು ಮಾಡಿದರು. ಬೆಲೆ ಬಿತ್ತು. ಗೊಳ್ಳೆಂದು ನಕ್ಕರು. ಬೇರೆ ವರ್ಷಗಳಲ್ಲಿ ನನಗೂ ನಗು ಬರುತ್ತಿತ್ತು. ನಿನ್ನೆ ನೆಲದ ಮೇಲೆ ಚೆಲ್ಲಿದ್ದ ಬೀಜ ಆರಿಸಿಕೊಂಡು ಬಂದೆ.

ನಿನ್ನ
ಗಾರ್ಗಿ


ಸ್ಟ್ಯಾನ್ಮೋರ್
೧೨ ಮಾರ್ಚ್

ಗಾರ್ಗಿ,

ತಿದ್ದಿದ್ದೇನೆ. ಕೆಂಪು ಶಾಯಿ ನೋಡಿ ಹೆದರಬೇಡ. ಎರಡು ಪುಟದಲ್ಲಿ ನೀನು ಒಂದು ಕಡೆಯೂ ಇಲ್ಲ ಕಣೇ. ಸಂಶೋಧನೆ ಆಯಿತಂತೆ, ಪುಸ್ತಕ ಬಂತಂತೆ. ಯಾರು ಮಾಡಿದ್ದು ಅದನ್ನೆಲ್ಲ, ಪಕ್ಕದ ಮನೆಯವರಾ? ಕಾಫಿಪುಡಿ ಅಂಗಡಿಯನ್ನು ಮೊದಲ ಸಾಲಿಗೆ ತಂದಿದ್ದೇನೆ. ಅಂಕ ಹಾಕುವವರೂ ಕಾಫಿ ಕುಡಿಯುತ್ತಾರೆ. ಉಳಿದ ಜಾಗದಲ್ಲಿ ನಿನ್ನ ಹತ್ತಿರ ಓದಿದವರು ಈಗ ಎಲ್ಲೆಲ್ಲಿದ್ದಾರೆ ಎಂದು ಬರೆದಿದ್ದೇನೆ. ನೀನು ಮರೆತಿರಬಹುದು, ನಾನು ಮರೆತಿಲ್ಲ. ಈಗ ಓದಿ ನೋಡು. ಈಕೆಯನ್ನು ಬಿಟ್ಟರೆ ಅವರಿಗೇ ನಷ್ಟ ಅನ್ನಿಸಬೇಕು.

ನನ್ನದು ಇನ್ನೂ ಶುರುವಾಗಿಲ್ಲ. ಕೂತರೆ ಋಷಿಯ ಮಾತ್ರೆ, ಎದ್ದರೆ ಅತ್ತೆಯ ಸೊಂಟ.

ಈ ಸಲ ಯುಗಾದಿ ಭಾನುವಾರವೇ ಬಂದಿದೆ. ರಜೆ ಹಾಕುವ ತಾಪತ್ರಯ ಇಲ್ಲ. ಊಟಕ್ಕೆ ಬಾ. ಬರಲಿಲ್ಲ ಅಂದರೆ ಅತ್ತೆ ಕಾರು ಕಳಿಸುತ್ತಾರೆ, ಜಾಹ್ನವಿ ಈಗ ಎಲ್-ಬೋರ್ಡ್ ಹಾಕಿಕೊಂಡು ಓಡಿಸುತ್ತಾಳೆ, ನಿನಗೇ ಅಪಾಯ.

ನಿನ್ನ
ಮಾಳು


ಎಜ್‌ವೇರ್
೨ ಏಪ್ರಿಲ್

ಮಾಳು,

ಒಬ್ಬಟ್ಟು ಇನ್ನೂ ಫ್ರಿಜ್ಜಿನಲ್ಲಿದೆ. ಅತ್ತೆ ಡಬ್ಬಿಯ ಮೇಲೆ ಡಬ್ಬಿ ಇಟ್ಟು ಕಳಿಸಿದ್ದರು. ಬೇವು ಬೆಲ್ಲ ಕೊಡುವಾಗ ನನಗೆ ಬೇವು ಜಾಸ್ತಿ ಬಂತು ಎಂದು ಜಾಹ್ನವಿ ನಕ್ಕಳು. ನನಗೆ ಎರಡರ ರುಚಿಯೂ ಅಷ್ಟು ತಿಳಿಯಲಿಲ್ಲ.

ನೀನು ಋಷಿಕೇಶನಿಗೆ ಮಾತ್ರೆ ಕೊಡಲು ಮಹಡಿಗೆ ಹೋಗಿದ್ದಾಗ ಅತ್ತೆ ನನ್ನ ಪಕ್ಕ ಬಂದು ಕೂತರು. "ಅವನು ಮೊದಲಿನ ಹಂಗೆ ಆಗ್ತಾನೋ ಇಲ್ವೋ, ದೇವರಿಗೇ ಗೊತ್ತು. ಮಗು ಇನ್ನೂ ಓದ್ಬೇಕು. ಎಲ್ಲಾ ಇವಳೊಬ್ಬಳ ತಲೆ ಮೇಲಿದೆ" ಅಂದರು. ಆಮೇಲೆ "ನಿಂಗೇನಮ್ಮ, ಒಂಟಿ ಜೀವ. ಎಲ್ಲಿ ಕೂತ್ರೂ ಆಗತ್ತೆ" ಅಂದರು. ಕೆಟ್ಟ ಮನಸ್ಸಿನಿಂದ ಹೇಳಲಿಲ್ಲ. ಹೇಳುತ್ತಲೇ ನನ್ನ ತಟ್ಟೆಗೆ ಇನ್ನೊಂದು ಒಬ್ಬಟ್ಟು ಹಾಕಿ ತುಪ್ಪ ಸುರಿದರು. ಅವರು ಹೇಳಿದ್ದರಲ್ಲಿ ಸುಳ್ಳೇನೂ ಇಲ್ಲ.

ನಿನ್ನೆ ಸಂಜೆ ವಾಟರ್ಲೂವಿನಲ್ಲಿ ನಿನ್ನನ್ನು ನೋಡಿದೆ. ನೀನು ಸ್ಟ್ಯಾನ್ಮೋರ್ ಕಡೆಗೆ ಹೋಗದೆ ಎದುರು ದಿಕ್ಕಿನ ಪ್ಲಾಟ್‌ಫಾರ್ಮಿಗೆ ಇಳಿದೆ. ಕೂಗಿದೆ, ನೀನು ತಿರುಗಲಿಲ್ಲ. ಒಳ್ಳೆಯ ಕೋಟು ಹಾಕಿದ್ದೆ. ದಾರಿ ತಪ್ಪಿದವರ ಹಾಗೆ ನಡೆಯುತ್ತಿದ್ದೆ. ನನಗೆ ಹೆದರಿಕೆಯಾಯಿತು.

ನಿನ್ನ ಎರಡು ಪುಟ ಎಲ್ಲಿ? ಈ ತಿಂಗಳ ಕೊನೆಗೆ ಕೊಡಬೇಕು. ಆಗದಿದ್ದರೆ ಹೇಳು, ನಾನು ಬರೆದುಕೊಡುತ್ತೇನೆ. ನಿನ್ನ ಕೆಲಸ ನಿನಗಿಂತ ನನಗೆ ಚೆನ್ನಾಗಿ ಗೊತ್ತು.

ನಿನ್ನ
ಗಾರ್ಗಿ


ಸ್ಟ್ಯಾನ್ಮೋರ್
೨೫ ಏಪ್ರಿಲ್

ಗಾರ್ಗಿ,

ಉತ್ತರ ತಡವಾಯಿತು. ವಾಟರ್ಲೂವಿನಲ್ಲಿ ದಾರಿ ತಪ್ಪಿರಲಿಲ್ಲ, ಬೇರೆ ಕೆಲಸವಿತ್ತು.

ನನ್ನ ಅರ್ಜಿಯ ಚಿಂತೆ ಬಿಡು. ಕೊನೆಯ ದಿನ ಏನೋ ಒಂದು ಗೀಚಿ ಕೊಡುತ್ತೇನೆ. ನೀನು ನಿನ್ನದನ್ನು ಕೊಟ್ಟುಬಿಡು. ಸ್ವಯಂ ನಿವೃತ್ತಿಯ ಕಡೆ ತಿರುಗಿಯೂ ನೋಡಬೇಡ. ಒಂದು ತಿಂಗಳು ತಡೆ. ಏಕೆ ಎಂದು ಈಗ ಕೇಳಬೇಡ, ಹೇಳುವ ಹಾಗಿಲ್ಲ. ಎಲ್ಲ ಸರಿಹೋಗುತ್ತದೆ.

ನಿನ್ನ
ಮಾಳು


ಎಜ್‌ವೇರ್
೯ ಮೇ

ಮಾಳು,

ಇವತ್ತು ಮಧ್ಯಾಹ್ನ ಸಹಿ ಹಾಕಿ ಕೊಟ್ಟೆ. ಜುಲೈ ಮೂವತ್ತೊಂದು ನನ್ನ ಕೊನೆಯ ದಿನ. ಕೆಲಸ ನಿನ್ನದು.

ಬೈಯಬೇಡ. ನಿನ್ನ ಕಾಗದವನ್ನು ಎಷ್ಟು ಸಲ ಓದಿದೆನೋ. ತನ್ನ ಅರ್ಜಿಗೆ ಮನಸ್ಸು ಕೊಡದವಳು ನನ್ನದನ್ನು ಕೊಡು ಅನ್ನುತ್ತಾಳೆ. ಸ್ವಯಂ ನಿವೃತ್ತಿಯ ಕಡೆ ನೋಡಬೇಡ ಅನ್ನುತ್ತಾಳೆ. ಕಾರಣ ಮಾತ್ರ ಹೇಳುವುದಿಲ್ಲ. ನಿನ್ನನ್ನು ಇವತ್ತು ನಿನ್ನೆಯಿಂದ ನೋಡುತ್ತಿದ್ದೇನೆಯೇ? ನನಗೋಸ್ಕರ ನೀನೇ ಸಹಿ ಹಾಕಲು ಹೊರಟಿದ್ದೆ. ತ್ಯಾಗ ಗೀಗ ಬೇಡ ಅಂದವಳು ನೀನೇ. ಋಷಿಕೇಶ ಮನೆಯಲ್ಲಿ ಕೂತಿರುವಾಗ, ಜಾಹ್ನವಿ ಓದುತ್ತಿರುವಾಗ, ನೀನು ಬಿಟ್ಟ ಕೆಲಸದಲ್ಲಿ ನಾನು ಹೇಗೆ ಕೂರಲಿ? ಅದಕ್ಕೇ ನಿನಗಿಂತ ಮೊದಲು ನಾನು ಹೋದೆ.

ಎಚ್‌ಆರ್ ಹುಡುಗಿ "ಆರ್ ಯು ಶೂರ್?" ಎಂದು ಎರಡು ಸಲ ಕೇಳಿದಳು. ಎರಡು ಸಲವೂ "ಯೆಸ್" ಅಂದೆ. ಆಮೇಲೆ ಕ್ಯಾಂಟೀನಿಗೆ ಹೋಗಿ ಸೂಪ್ ಕುಡಿದೆ. ಬಿಸಿ ಇತ್ತು ಎಂದು ಗೊತ್ತಾಗಲಿಲ್ಲ. ಮನೆಗೆ ಬಂದು ನೋಡಿದರೆ ನಾಲಿಗೆ ಸುಟ್ಟಿದೆ.

ಕಾಫಿ ಬೀಜದ ಡಬ್ಬಿಯನ್ನು ನಿನ್ನ ಕೋಣೆಯ ಕಿಟಕಿಯಲ್ಲಿ ಇಟ್ಟಿದ್ದೇನೆ. ಮುಂದಿನ ವರ್ಷ ಆಟ ಆಡಿಸುವವಳು ನೀನು.

ನಿನ್ನ
ಗಾರ್ಗಿ


ಸ್ಟ್ಯಾನ್ಮೋರ್
೧೨ ಮೇ

ಗಾರ್ಗಿ,

ಹಿಂದಕ್ಕೆ ತೆಗೆದುಕೋ. ಇವತ್ತೇ ಹೋಗಿ ಕೇಳು. ಏನಾದರೂ ನೆವ ಹೇಳು, ಮೈ ಸರಿ ಇರಲಿಲ್ಲ ಅನ್ನು. ನಿನ್ನ ಕಾಲಿಗೆ ಬೀಳುತ್ತೇನೆ.

ಮಾಳು


ಎಜ್‌ವೇರ್
೧೪ ಮೇ

ಮಾಳು,

ನೀನು ಹೇಳಿದ್ದಕ್ಕೆ ಹೋಗಿ ಕೇಳಿದೆ. ಆಗುವುದಿಲ್ಲವಂತೆ. ಸಹಿ ಆದರೆ ಆಯಿತು.

ಮೂರು ದಿನದಿಂದ ನೀನು ನನ್ನ ಕೋಣೆಯ ಬಾಗಿಲವರೆಗೆ ಬಂದು ಹಾಗೇ ಹಿಂದಕ್ಕೆ ಹೋಗುತ್ತಿದ್ದೀ. ಬಾಗಿಲ ಗಾಜಿನಲ್ಲಿ ನಿನ್ನ ನೆರಳು ಕಾಣುತ್ತದೆ. ದೊಡ್ಡ ಉಪಕಾರ ಮಾಡಿದ್ದೇನೆ ಎಂದೆಲ್ಲ ಅಂದುಕೊಳ್ಳಬೇಡ. ಒಳಗೆ ಬಾ, ಟೀ ಕುಡಿ.

ನಿನ್ನ
ಗಾರ್ಗಿ


ಎಜ್‌ವೇರ್
೧೬ ಜೂನ್

ಮಾಳವಿಕಾ,

ನಿನ್ನೆ ನಿಮ್ಮ ಮನೆಯಿಂದ ಬೇಗ ಹೊರಟುಬಿಟ್ಟೆ. ಊಟ ಚೆನ್ನಾಗಿತ್ತು ಎಂದು ಅತ್ತೆಗೆ ಹೇಳು.

ಗುರುವಾರ ಅವರೇ ಫೋನ್ ಮಾಡಿದ್ದರು. "ಭಾನುವಾರ ಸತ್ಯನಾರಾಯಣ ಪೂಜೆ ಇಟ್ಕೊಂಡಿದೀವಿ, ಬಾಮ್ಮ. ಹುಣ್ಣಿಮೆ ಬುಧವಾರ ಬಂದಿತ್ತು, ಈ ಊರಲ್ಲಿ ಬುಧವಾರ ಯಾರು ಬರ್ತಾರೆ? ದೇವರಿಗೂ ವೀಕೆಂಡೇ ಗತಿ" ಅಂದರು. ಋಷಿಕೇಶ ಹುಷಾರಾದದ್ದಕ್ಕೆ ಹರಕೆ ಇರಬೇಕು ಅಂದುಕೊಂಡೆ. ಮೂರು ವಾರದಿಂದ ನೀನು ವಿಭಾಗಕ್ಕೆ ಬಂದಿರಲಿಲ್ಲ. ಪರೀಕ್ಷೆಯ ಪತ್ರಿಕೆಗಳನ್ನು ಮನೆಯಲ್ಲೇ ತಿದ್ದುತ್ತಿದ್ದಾಳೆ ಎಂದು ಮುಖ್ಯಸ್ಥೆ ಹೇಳಿದ್ದರು.

ಪೂಜೆ ಮಾಡಿಸಿದ ಆನಂದತೀರ್ಥ ಅವರನ್ನು ನಾನು ಮೊದಲು ನೋಡಿರಲಿಲ್ಲ. ವಾರವೆಲ್ಲ ಕ್ಯಾನರಿ ವಾರ್ಫಿನಲ್ಲಿ ಸಾಫ್ಟ್‌ವೇರ್, ಶನಿವಾರ ಭಾನುವಾರ ಪೂಜೆ ಎಂದು ಪಕ್ಕದಲ್ಲಿ ಕೂತಿದ್ದವರು ಹೇಳಿದರು. ಅವರು ಸಂಕಲ್ಪ ಮಾಡಿಸುವಾಗ ನಾನು ಮಂಟಪಕ್ಕೆ ಕಟ್ಟಿದ್ದ ಬಾಳೆಗಿಡ ಇಲ್ಲಿ ಎಲ್ಲಿ ಸಿಕ್ಕಿತು ಎಂದು ಯೋಚಿಸುತ್ತಿದ್ದೆ. ಗೋತ್ರ ಹೇಳಿದರು, ಹೆಸರುಗಳನ್ನು ಹೇಳಿದರು. ನಿನ್ನ ಹೆಸರು ಹೇಳಿ "ನೂತನ ಉದ್ಯೋಗೇ ಅಭಿವೃದ್ಧ್ಯರ್ಥಂ" ಅಂದರು. ಹೊಸ ಕೆಲಸ. ಮತ್ತೆ ಅರ್ಜಿ ಹಾಕಿ ಉಳಿಸಿಕೊಂಡ ಕೆಲಸವನ್ನೂ ಹೊಸದು ಅನ್ನುತ್ತಾರೇನೋ ಅಂದುಕೊಂಡೆ. ನಿನ್ನ ಮುಖ ನೋಡಿದೆ. ನೀನು ಅಕ್ಷತೆಯ ಬಟ್ಟಲು ನೋಡುತ್ತಿದ್ದೆ.

ಮಂಗಳಾರತಿ ಆದಮೇಲೆ ಆನಂದತೀರ್ಥ ಎಲ್ಲರಿಗೂ ಕೇಳುವ ಹಾಗೆ "ಮೇಡಂ, ನಮ್ಮ ಬಿಲ್ಡಿಂಗ್ ಎದುರಿಗೇ ನಿಮ್ಮ ಬ್ಯಾಂಕು. ಕೆಳಗಡೆ ಒಂದು ದೋಸೆ ಗಾಡಿ ಬರತ್ತೆ, ತೋರಿಸ್ತೀನಿ" ಅಂದರು. ಕ್ಯಾನರಿ ವಾರ್ಫಿಗೆ ವಾಟರ್ಲೂವಿನ ಆ ಎದುರು ಪ್ಲಾಟ್‌ಫಾರ್ಮಿನಿಂದಲೇ ರೈಲು. ನೀನು ಆರತಿ ತಟ್ಟೆ ಹಿಡಿದು ನಿಂತಿದ್ದೆ. ಕರ್ಪೂರ ಆರಿತ್ತು.

ಅತ್ತೆ ನನ್ನ ಕೈಗೆ ಸಜ್ಜಿಗೆಯ ಪ್ರಸಾದ ಹಾಕಿದರು. "ಏಪ್ರಿಲ್‌ನಲ್ಲೇ ಗೊತ್ತಾಗಿತ್ತಮ್ಮ. ಬ್ಯಾಂಕಿನವ್ರು ಬಾಯಲ್ಲಿ ಹೂಂ ಅಂದಿದ್ರು. ಅದೇನೋ ಬ್ಯಾಕ್‌ಗ್ರೌಂಡ್ ಚೆಕ್ಕು ಅಂತ ಎಳೆದ್ರು ಎಳೆದ್ರು, ಹೋದ ವಾರ ಕಾಗದ ಬಂತು. ಗಾರ್ಗಿಗೆ ಮಾತ್ರ ಹೇಳ್ಬಿಡ್ತೀನಿ ಅಮ್ಮ ಅಂದ್ಲು. ನಾನೇ ಬೇಡ ಅಂದೆ. ಬೇಜಾರು ಮಾಡ್ಕೋಬೇಡ" ಅಂದರು. ಆಮೇಲೆ ನನ್ನ ಗಲ್ಲ ಸವರಿ, "ಇನ್ನೇನು, ಆ ಕೆಲಸ ನಿಂಗೇ ಬಂತಲ್ಲ. ಇಬ್ಬರಿಗೂ ಒಳ್ಳೇದಾಯ್ತು" ಅಂದರು.

ನಾನು ಸಹಿ ಹಾಕಿದ್ದನ್ನು ಅವರಿಗೆ ನೀನು ಹೇಳಿಲ್ಲ. ನಾನೂ ಹೇಳಲಿಲ್ಲ. "ಹೌದು ಅಮ್ಮ" ಅಂದೆ. ಪ್ರಸಾದ ತಿಂದೆ. ಕೈ ತೊಳೆದುಕೊಂಡೆ. ಸ್ಟೇಷನ್ನಿಗೆ ಬಿಡುತ್ತೇನೆ ಎಂದು ಜಾಹ್ನವಿ ಅಂದಳು, ಬೇಡ, ನಡೆಯುತ್ತೇನೆ ಅಂದೆ.

ಇವತ್ತು ಮುಖ್ಯಸ್ಥೆ ಕರೆದಿದ್ದರು. ನೀನು ಶುಕ್ರವಾರವೇ ರಾಜೀನಾಮೆ ಕೊಟ್ಟಿದ್ದೀಯಂತೆ. ಇಬ್ಬರೂ ಹೊರಟಿದ್ದರಿಂದ ಆ ಒಂದು ಹುದ್ದೆಯನ್ನೂ ತೆಗೆದುಹಾಕಿದ್ದಾರೆ. ಕೋರ್ಸು ನಿಲ್ಲುತ್ತದೆ. ನನ್ನ ಸಹಿಯನ್ನು ವಾಪಸು ಕೊಡಲು ಈಗಲೂ ಆಗುವುದಿಲ್ಲವಂತೆ. "ಐ ಆಮ್ ಸೋ ಸಾರಿ, ಗಾರ್ಗಿ" ಅಂದರು. ನಾನು ಥ್ಯಾಂಕ್ಸ್ ಹೇಳಿದೆ. ಏಕೆ ಹೇಳಿದೆನೋ.

ಒಂದು ಮಾತು ಹೇಳಿದ್ದರೆ ಸಾಕಿತ್ತು.

ಗಾರ್ಗಿ


ಸ್ಟ್ಯಾನ್ಮೋರ್
೨೯ ಜೂನ್

ಗಾರ್ಗಿ,

ಇದನ್ನು ಅಂಚೆಗೆ ಹಾಕುತ್ತಿದ್ದೇನೆ. ನಮ್ಮ ಅಂಚೆಗೂಡಿನ ಹತ್ತಿರ ಬರಲು ನನಗೆ ಮುಖವಿಲ್ಲ.

ಏಪ್ರಿಲ್‌ನಲ್ಲಿ ಅತ್ತೆಯ ಮಾತು ಕೇಳಿದೆ. ನೀನು ಸಹಿ ಹಾಕಿದ ಮೇಲೆ ಸುಮ್ಮನಿದ್ದದ್ದಕ್ಕೆ ಅತ್ತೆ ಕಾರಣವಲ್ಲ. ನಾನು ಹೊರಡುತ್ತೇನೆ ಎಂದು ಆಗಲೇ ಮುಖ್ಯಸ್ಥೆಗೆ ಹೇಳಿದ್ದರೆ ನಿನ್ನ ಸಹಿ ಬಿಡಿಸಬಹುದಿತ್ತೇನೋ. ಬ್ಯಾಂಕಿನದು ತಪ್ಪಿಹೋದರೆ ವಿಭಾಗದ್ದಾದರೂ ಇರಲಿ ಎಂದು ಅನ್ನಿಸಿತು. ನಿನ್ನ ಬಾಗಿಲ ತನಕ ಬಂದಾಗಲೆಲ್ಲ ಅದೇ ಅನ್ನಿಸಿ ಹಿಂದಕ್ಕೆ ಹೋದೆ. ಇದಕ್ಕಿಂತ ಜಾಸ್ತಿ ಬರೆದರೆ ನೆವ ಆಗುತ್ತದೆ.

ಮಾಳವಿಕಾ


ಎಜ್‌ವೇರ್
೩೧ ಜುಲೈ

ಮಾಳವಿಕಾ,

ಕೋಣೆ ಖಾಲಿ ಮಾಡಿದೆ. ನಿನ್ನ ಕೋಣೆಯಲ್ಲಿ ಉಳಿದಿದ್ದ ಸಾಮಾನನ್ನೂ ಒಂದು ಪೆಟ್ಟಿಗೆಗೆ ತುಂಬಿ ಕೆಳಗೆ ರಿಸೆಪ್ಷನ್ನಿನಲ್ಲಿ ಕೊಟ್ಟಿದ್ದೇನೆ. ಚಿಕ್ಕ ಕುಕ್ಕರಿನ ಗ್ಯಾಸ್ಕೆಟ್ ಒಂದಿತ್ತು, ಅದು ಅಲ್ಲಿಗೆ ಹೇಗೆ ಬಂತೋ, ಅದೂ ಇದೆ. ಕಾಫಿ ಬೀಜದ ಡಬ್ಬಿಯನ್ನು ನಾನು ತಂದೆ.

ಪುಸ್ತಕಗಳನ್ನು ಲೈಬ್ರರಿಯವರು ಬೇಡ ಅಂದರು. ಮೆಟ್ಟಿಲ ಹತ್ತಿರ ಇಟ್ಟು "ಬೇಕಾದವರು ತೆಗೆದುಕೊಳ್ಳಿ" ಎಂದು ಚೀಟಿ ಅಂಟಿಸಿದೆ. ಸಂಜೆ ನೋಡಿದಾಗ ಬೇರೆಯವೆಲ್ಲ ಹೋಗಿದ್ದವು, ನಾನು ಬರೆದದ್ದು ಉಳಿದಿತ್ತು. ಅದನ್ನೂ ತಂದೆ.

ಪಿಜನ್‌ಹೋಲಿನಿಂದ ನಮ್ಮ ಹೆಸರಿನ ಪಟ್ಟಿ ಕಿತ್ತೆ. ನನ್ನದು ಸಲೀಸಾಗಿ ಬಂತು. ನಿನ್ನದು ಹರಿಯಿತು.

ಗಾರ್ಗಿ


ಸ್ಟ್ಯಾನ್ಮೋರ್
೨೨ ಅಕ್ಟೋಬರ್

ಗಾರ್ಗಿ,

ನೀನು ಉತ್ತರ ಬರೆಯಲೇಬೇಕು ಅಂತಿಲ್ಲ.

ಕ್ಯಾನರಿ ವಾರ್ಫಿನಲ್ಲಿ ಎತ್ತರದ ಮಹಡಿಯೊಂದರಲ್ಲಿ ಕೂತಿರುತ್ತೇನೆ. ಯಾವ ದೇಶ ಮುಂದಿನ ವರ್ಷ ಏನು ಮಾಡೀತು ಎಂದು ಒಂದೊಂದು ಪುಟ ಬರೆದುಕೊಡುತ್ತೇನೆ. ಯಾರೂ ತಿದ್ದುವುದಿಲ್ಲ. ಓದುತ್ತಾರೋ ಇಲ್ಲವೋ. ಆ ಆನಂದತೀರ್ಥ ಒಂದು ದಿನ ದೋಸೆ ಗಾಡಿ ತೋರಿಸಿದರು. ಅಲ್ಲಿಗೆ ಹೋಗುವುದನ್ನು ಬಿಟ್ಟೆ.

ಅತ್ತೆಗೆ ಜುಲೈನಲ್ಲೇ ನಿಜ ಹೇಳಿದೆ. ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ಮೂರನೇ ದಿನ, "ನಾನು ಮುದುಕಿ, ಏನೋ ಹೇಳ್ತೀನಿ. ನೀನು ಇಷ್ಟು ಓದಿದವಳು, ಕೇಳಿಬಿಡೋದಾ?" ಅಂದರು. ದೀಪಾವಳಿಗೆ ಚಿರೋಟಿ ಮಾಡಿ ಒಂದು ಡಬ್ಬಿ ಬೇರೆ ತೆಗೆದಿಟ್ಟಿದ್ದಾರೆ. ಯಾರೂ ಮುಟ್ಟುವ ಹಾಗಿಲ್ಲ. ಜಾಹ್ನವಿ "ಅಜ್ಜಿ, ಇಟ್ಸ್ ಗೋಯಿಂಗ್ ಸ್ಟೇಲ್" ಅಂದರೆ, "ಇರ್ಲಿ ಬಿಡು, ಅದು ಗಾರ್ಗಿ ಪಾಲು" ಅನ್ನುತ್ತಾರೆ.

ತರಲಾ?

ಮಾಳು


ಎಜ್‌ವೇರ್
೮ ನವೆಂಬರ್

ಮಾಳು,

ಚಿರೋಟಿ ಇಷ್ಟು ಹೊತ್ತಿಗೆ ಮೆತ್ತಗಾಗಿರುತ್ತದೆ. ಪರವಾಗಿಲ್ಲ, ಇಟ್ಟಿರಲಿ.

ಕೇಳಲಿಲ್ಲ ನೀನು, ಆದರೂ ಹೇಳುತ್ತೇನೆ. ಆಗಸ್ಟಿನಲ್ಲಿ ಒಂದಷ್ಟು ದಿನ ಎಂದಿನ ಹೊತ್ತಿಗೆ ಎದ್ದು, ಎಂದಿನ ರೈಲು ಹತ್ತಿ, ವಾಟರ್ಲೂವರೆಗೆ ಹೋಗಿ ವಾಪಸು ಬರುತ್ತಿದ್ದೆ. ಬೇರೆ ಏನು ಮಾಡಬೇಕೆಂದು ತಿಳಿಯುತ್ತಿರಲಿಲ್ಲ. ಆಮೇಲೆ ಅದನ್ನೂ ಬಿಟ್ಟೆ. ಕಿಟಕಿಯಿಂದ ಬಸ್ ನಿಲ್ಲುವ ಜಾಗ ಕಾಣುತ್ತದೆ, ಅದನ್ನು ನೋಡುತ್ತಿದ್ದೆ. ಜಿಪಿ ಡಾಕ್ಟರ ಹತ್ತಿರ ಹೋದೆ. ಅಳು ಬರುತ್ತದೆಯೇ ಎಂದು ಕೇಳಿದರು. ಇಲ್ಲ ಅಂದೆ. ಬಂದರೆ ಒಳ್ಳೆಯದು ಅಂದರು. ಇನ್ನೂ ಬಂದಿಲ್ಲ.

ಮೈಸೂರಿನಿಂದ ಅಣ್ಣ ಫೋನ್ ಮಾಡಿದಾಗಲೆಲ್ಲ "ಕ್ಲಾಸ್ ಇದೆ, ಆಮೇಲೆ ಮಾತಾಡ್ತೀನಿ" ಅನ್ನುತ್ತಿದ್ದೆ. ಮೊನ್ನೆ ನಿಜ ಹೇಳಿದೆ. "ಅಯ್ಯೋ, ಇಷ್ಟು ದಿನ ಒಂದು ಮಾತು ಹೇಳ್ಬಾರ್ದಿತ್ತೇನೇ?" ಅಂದ. ಫೋನ್ ಇಟ್ಟ ಮೇಲೆ ನಿನ್ನ ನೆನಪು ಬಂತು, ನನ್ನ ಬಾಗಿಲ ಗಾಜಿನಲ್ಲಿ ಕಾಣುತ್ತಿದ್ದ ನೆರಳು. ಆಗ ಎದ್ದು ಬಾಗಿಲು ತೆಗೆಯಬಹುದಿತ್ತು. ಟೀ ಕುಡಿ ಎಂದು ಕಾಗದ ಬರೆದೆ.

ಈಗ ಒಂದು ಸುದ್ದಿ. ಬುಧವಾರ ಬೆಳಿಗ್ಗೆ ಹ್ಯಾರೋದ ಒಂದು ಕಾಲೇಜಿನಲ್ಲಿ ನನಗೆ ಸಂದರ್ಶನ ಇದೆ. ಜಾಹ್ನವಿಯ ವಯಸ್ಸಿನ ಮಕ್ಕಳಿಗೆ ಅರ್ಥಶಾಸ್ತ್ರ ಕಲಿಸುವ ಕೆಲಸ, ಜನವರಿಯಿಂದ. ಇಪ್ಪತ್ತು ನಿಮಿಷ ಪಾಠ ಮಾಡಿ ತೋರಿಸಬೇಕಂತೆ. ಕಾಫಿ ಬೀಜದ ಡಬ್ಬಿ ಬ್ಯಾಗಿನಲ್ಲಿ ಇಟ್ಟುಕೊಂಡಿದ್ದೇನೆ. ಈ ಸಲ ಮಕ್ಕಳನ್ನು ಮಾತಾಡಲು ಬಿಟ್ಟು ಆಡಿಸಿ ನೋಡಬೇಕು. ಆಟ ಏನಾಗುತ್ತದೋ ನನಗೂ ಗೊತ್ತಿಲ್ಲ. ಇಷ್ಟು ವರ್ಷದಲ್ಲಿ ಒಂದು ಸಲವೂ ಹಾಗೆ ಆಡಿಸಿಲ್ಲ.

ನನಗಿಂತ ಚಿಕ್ಕವರು ತುಂಬ ಜನ ಬರುತ್ತಾರೆ. ಸಿಗದೇ ಇರುವುದೇ ಹೆಚ್ಚು. ಅಣ್ಣನಿಗೂ ಹೇಳಿಲ್ಲ. ಅತ್ತೆಗೆ ಹೇಳಬೇಡ, ಬೈಯುತ್ತಾರೆ.

ಕೈಗೆ ಇನ್ನೂ ಏನೂ ಬಂದಿಲ್ಲ. ನಿನಗೆ ಹೇಳಿದ್ದೇನೆ.

ನಿನ್ನ
ಗಾರ್ಗಿ